ಮಣ್ಣು ಮಾಡಲು ಬಿಡದ ಬೋಧನೆ

ದೀಕ್ಷಾಸ್ನಾನಕ್ಕೆ ಸಿದ್ಧಗೊಳಿಸುವ ತರಗತಿಯಲ್ಲಿ ನಾನು ಯಾರ ಕೈಗೂ ಪುಸ್ತಕ ಕೊಡುವುದಿಲ್ಲ. ನಾವು ನಂಬುವುದನ್ನೆಲ್ಲ ಸಾಲುಸಾಲಾಗಿ ಹೇಳುವ ವಿಶ್ವಾಸಪ್ರಮಾಣವನ್ನು ಬಾಯಿಂದ ಹೇಳಿಕೊಡುತ್ತೇನೆ. ಅವರು ಬಾಯಿಪಾಠ ಮಾಡಿಕೊಂಡು, ಒಬ್ಬೊಬ್ಬರೇ ಎದ್ದು ನಿಂತು, ನನಗೆ ಒಪ್ಪಿಸಬೇಕು. ಮೊದಲು ಗ್ರಂಥದ ಮಾತಿನಲ್ಲಿ, ಆಮೇಲೆ ಮನೆಮಾತಿನಲ್ಲಿ. ಮನೆಮಾತಿನಲ್ಲಿ ಹೇಳಲು ಬಾರದಿದ್ದರೆ ಅರ್ಥವಾಗಿಲ್ಲವೆಂದೇ ಲೆಕ್ಕ, ಮುಂದಿನ ವಾರ ಮತ್ತೆ ಬರಬೇಕು. ಇದೇನು ನನ್ನ ಸ್ವಂತ ವಿದ್ಯೆಯಲ್ಲ. ಕ್ರೈಸ್ತ ಸಭೆ ಎಳೆಯದಾಗಿದ್ದ ಕಾಲದಲ್ಲೂ ನೀರಿಗಿಳಿಯುವವರಿಗೆ ಈ ಮಾತುಗಳನ್ನು ಬರೆದುಕೊಡುತ್ತಿರಲಿಲ್ಲ, ಎದೆಯಲ್ಲಿಟ್ಟುಕೊಂಡು ಬಂದು ಒಪ್ಪಿಸಿ ಎನ್ನುತ್ತಿದ್ದರು. ಯಾರ ತಲೆಯಲ್ಲಿ ಏನು ಹುಳ ಸೇರಿಕೊಂಡಿದೆ ಎಂದು ಗೊತ್ತಾಗುವುದು ಹೀಗೆ ಒಪ್ಪಿಸುವಾಗಲೇ.

ನಾನು ಮಳವಳ್ಳಿಯಲ್ಲಿ ಉಪದೇಶಿ. ನಮ್ಮ ಸಭಾಪಾಲಕರು ಇರುವುದು ಮಂಡ್ಯದಲ್ಲಿ. ಅವರು ತಿಂಗಳಿಗೊಮ್ಮೆ ಬಂದು ಪ್ರಭುಭೋಜನ ನಡೆಸಿ ಹೋಗುತ್ತಾರೆ. ಉಳಿದ ದಿನಗಳಲ್ಲಿ ಪಾಠ ಹೇಳುವುದು, ಕಾಯಿಲೆಯವರನ್ನು ನೋಡುವುದು, ಬಸ್ಸು ಹಿಡಿದು ಹಳ್ಳಿ ಸುತ್ತುವುದು ನನ್ನ ಪಾಲು. ಆ ವರ್ಷ ತರಗತಿಗೆ ಪೂರಿಗಾಲಿ ಹತ್ತಿರದ ಹಳ್ಳಿಯಿಂದ ಒಬ್ಬ ಹೆಣ್ಣುಮಗಳು ಬರುತ್ತಿದ್ದಳು. ಕಬ್ಬಿನ ಗದ್ದೆಯಲ್ಲಿ ಕೂಲಿ ಮಾಡುವವಳು. ಗಂಡ ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಂತು ಬೆಲ್ಲದ ಪಾಕ ನೋಡುವವನು, ಆಗಲೇ ದೀಕ್ಷಾಸ್ನಾನ ಆಗಿತ್ತು. ಗಂಡನ ಅಣ್ಣನ ಮನೆಯವರು ಊರ ದೇವರಿಗೇ ನಡೆದುಕೊಳ್ಳುವವರು. ಇವರ ಪ್ರಾರ್ಥನೆ ಇವರಿಗೆ, ಅವರ ಪೂಜೆ ಅವರಿಗೆ, ಜಗಳವಿರಲಿಲ್ಲ.

ಒಂದು ಭಾನುವಾರ ಆಕೆ ಎದ್ದು ನಿಂತು ಒಪ್ಪಿಸಿದಳು. ಚೆನ್ನಾಗಿಯೇ ಹೋಗುತ್ತಿತ್ತು. ಶಿಲುಬೆಗೆ ಹಾಕಿದ್ದನ್ನು ಹೇಳಿದಳು, ಅಲ್ಲಿಂದ ನೇರ ಮೂರನೆಯ ದಿನ ಎದ್ದು ಬಂದದ್ದಕ್ಕೆ ಹಾರಿದಳು. ಸತ್ತದ್ದು, ಹೂಣಿಟ್ಟದ್ದು ಎರಡೂ ಇಲ್ಲ.

"ನಡುವೆ ಎರಡು ಮಾತು ಬಿಟ್ಟೆಯಲ್ಲವ್ವ," ಎಂದೆ.

"ಬುಟ್ಟಿಲ್ಲ ಕಣಮ್ಮ, ಬೇಕಂತ್ಲೇ ಯೋಳ್ನಿಲ್ಲ. ದೇವ್ರು ಸಾಯೋದುಂಟಾ? ಸಿಲುಬೆ ಮ್ಯಾಲಿದ್ದುದ್ದು ಬರೀ ನೆಳ್ಳಂತೆ. ಮದ್ದೂರ್ ಅಯ್ನೋರು ಯೋಳವ್ರೆ. ಸರ್ಯಾಗ್ ನಂಬ್ದೋರೂ ಸಾಯಕಿಲ್ವಂತೆ. ಸತ್ತ, ಊತ್ರು ಅಂತ ಬಾಯಲ್ಲಂದ್ರೆ ಸಾವು ಮನೆ ಒಳಿಕ್ ಬತ್ತದಂತೆ."

ಉಳಿದ ಹೆಂಗಸರು ತಲೆಯಾಡಿಸಿದರು. ಅಂದರೆ ಅವರಿಗೂ ಮುಟ್ಟಿದೆ. ಮದ್ದೂರಿನ ಆ ಬೋಧಕ ಯಾರೆಂದು ನನಗೆ ಗೊತ್ತಿತ್ತು. ಯಾವ ಸಭೆಗೂ ಸೇರದೆ, ಯಾರಿಗೂ ಉತ್ತರ ಹೇಳಬೇಕಿಲ್ಲದೆ, ಕೀಬೋರ್ಡು ಬಾರಿಸುವವನೊಬ್ಬನನ್ನು ಕಟ್ಟಿಕೊಂಡು ತಿರುಗುವವನು. ಅವನ ಮಾತಿನ ವಿಡಿಯೋಗಳು ಈ ಹೆಂಗಸರ ಮಕ್ಕಳ ಫೋನುಗಳಲ್ಲೆಲ್ಲ ಇದ್ದವು. ನಾನು ಆ ದಿನದ ಪಾಠ ನಿಲ್ಲಿಸಿ, ಬಿಟ್ಟ ಎರಡು ಮಾತನ್ನೇ ತೆಗೆದುಕೊಂಡು ಮಧ್ಯಾಹ್ನದವರೆಗೆ ಹೇಳಿದೆ. ಎಲ್ಲರೂ ಹ್ಞೂಂ ಎಂದರು. ಹ್ಞೂಂ ಎನ್ನುವುದಕ್ಕೇನು, ಟೀಚರಮ್ಮನ ಬಾಯಿ ಮುಚ್ಚಿಸಲು ಅದಕ್ಕಿಂತ ಸುಲಭದ ದಾರಿ ಇಲ್ಲ.

ಮರುದಿನ ಮಂಡ್ಯಕ್ಕೆ ಹೋಗಿ ಸಭಾಪಾಲಕರ ಮುಂದೆ ಕೂತೆ. ಅವರು ಕೆಟ್ಟವರಲ್ಲ, ಹೆದರಿದವರು.

"ಬಿಡಮ್ಮ, ಆತನೂ ಯೇಸುವಿನ ಹೆಸರನ್ನೇ ತಾನೆ ಹೇಳೋದು? ಈಗಿನ ಕಾಲದಲ್ಲಿ ನಾವು ನಾವೇ ಕಿತ್ತಾಡಿಕೊಂಡು ಬೀದಿಗೆ ಬಂದರೆ ನೋಡೋರು ಸುಮ್ಮನಿರ್ತಾರಾ? ಹೊರಗಿನವರ ಕಣ್ಣಿಗೆ ಅವನೂ ನಾವೂ ಒಂದೇ."

"ಒಂದೇ ಆಗಿ ಕಾಣ್ತಾ ಇರೋದಕ್ಕೇ ಬಂದು ಹೇಳ್ತಿದ್ದೀನಿ ಅಯ್ಯನೋರೇ," ಎಂದೆ.

ಅವರು ಕಾಫಿ ತರಿಸಿದರು. ಕುಡಿದು ಬಂದೆ. ಮೈಯೆಲ್ಲ ಉರಿಯುತ್ತಿತ್ತು. ಬಸ್ಸಿನಲ್ಲಿ ಕೂತು ಯೋಚಿಸಿದಷ್ಟೂ ಉರಿ ಹೆಚ್ಚಾಯಿತು. ಯಾಕೆಂದರೆ ಈ ನೆರಳಿನ ಕಥೆ ಹೊಸದಲ್ಲ. ಅಪೊಸ್ತಲರನ್ನು ಕಣ್ಣಾರೆ ಕಂಡ ಮುದುಕರು ಇನ್ನೂ ಬದುಕಿದ್ದಾಗಲೇ ಇದು ಹುಟ್ಟಿತ್ತು. ದೇವರಾದವನು ಹಸಿಯುವುದುಂಟೆ, ಬೆವರುವುದುಂಟೆ, ಸಾಯುವುದುಂಟೆ, ಎಲ್ಲ ತೋರಿಕೆ ಎಂದು ಜಾಣರು ಹೇಳತೊಡಗಿದ್ದರು. ಕೇಳಲು ಭಕ್ತಿಯ ಮಾತಿನಂತೆಯೇ ಇತ್ತು. ಆಗ ಒಬ್ಬ ವೃದ್ಧ ಸಭಾಧ್ಯಕ್ಷನನ್ನು ಸಂಕೋಲೆ ಹಾಕಿ ರೋಮಿಗೆ ಎಳೆದೊಯ್ಯುತ್ತಿದ್ದರು, ಮೃಗಗಳ ಬಾಯಿಗೆ ಹಾಕಲು. ದಾರಿಯಲ್ಲೇ ಆತ ಸಭೆಗಳಿಗೆ ಓಲೆ ಬರೆಸಿದ. ಕರ್ತನು ಪಟ್ಟ ನೋವು ಬರೀ ತೋರಿಕೆಯಾದರೆ ನನ್ನ ಕಾಲಿನ ಈ ಸಂಕೋಲೆ ಯಾತಕ್ಕೆ ಎಂಬುದು ಆತ ಕೇಳಿದ ಪ್ರಶ್ನೆಯ ತಿರುಳು. ನಿಜವಾಗಿ ಹುಟ್ಟಿದ, ನಿಜವಾಗಿ ತಿಂದ, ನಿಜವಾಗಿ ಸತ್ತ ಎಂದು ಒತ್ತಿ ಒತ್ತಿ ಹೇಳಿದ. ವಿಶ್ವಾಸಪ್ರಮಾಣದಲ್ಲಿ ಸತ್ತದ್ದನ್ನು ಹೇಳಿ ಸುಮ್ಮನಾಗದೆ ಹೂಣಿಟ್ಟದ್ದನ್ನೂ ಸೇರಿಸಿಕೊಂಡ ಸಭೆಗೆ ಆ ಮಾತಿನ ಬೆಲೆ ಗೊತ್ತಿತ್ತು. ನಾವು ಅದನ್ನು ರಾಗವಾಗಿ ಹಾಡಿ ಹಾಡಿ ಸವೆಸಿದ್ದೇವೆ. ಅದು ಯಾರ ಉಪಯೋಗಕ್ಕೆ ಬರುತ್ತದೆ ಎಂದು ಆ ದಿನ ನನಗೂ ಗೊತ್ತಿರಲಿಲ್ಲ.

ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಆಕೆಯ ಭಾವ ಫೋನು ಮಾಡಿದ. ತಮ್ಮ ಹಿಂದಿನ ದಿನ ಆಲೆಮನೆಯಲ್ಲಿ ಎದೆ ಹಿಡಿದುಕೊಂಡು ಕುಸಿದನಂತೆ. ಮಳವಳ್ಳಿ ಆಸ್ಪತ್ರೆಗೆ ಕರೆತರುವಷ್ಟರಲ್ಲಿ ಹೋಗಿಬಿಟ್ಟಿದ್ದ. ಡಾಕ್ಟರು ನೋಡಿ ಸತ್ತಿದ್ದಾನೆ ಎಂದು ಹೇಳಿ ಕಳಿಸಿದ್ದರು.

"ಎಣ ಎತ್ತಾಕ್ ಬುಡ್ತಿಲ್ಲ ಕಣಮ್ಮೋ," ಎಂದ. "ನಿಮ್ಮೋರು ಯಾರೋ ಮದ್ದೂರಿಂದ ಬಂದು ಕುಂತವ್ರೆ. ಸತ್ತಿಲ್ಲ, ಮಲ್ಗವ್ನೆ, ಮೂರ್ನೇ ದಿನಕ್ಕೇಳ್ತಾನೆ ಅಂತವ್ರೆ. ಬನ್ನಿ ಬ್ಯಾಗ."

ನಿಮ್ಮೋರು ಎಂಬ ಮಾತು ಕಪಾಳಕ್ಕೆ ಬಿದ್ದಂತಾಯಿತು.

ನಾನು ಹೋಗುವಷ್ಟರಲ್ಲಿ ಬಿಸಿಲೇರಿತ್ತು. ಆ ಬೀದಿಯಲ್ಲಿ ಒಂದು ಮನೆಯಲ್ಲೂ ಹೊಗೆ ಇರಲಿಲ್ಲ. ಹೆಣ ಎತ್ತುವವರೆಗೆ ಅಕ್ಕಪಕ್ಕದವರು ಒಲೆ ಹಚ್ಚುವುದಿಲ್ಲ, ಜಾತಿ ಧರ್ಮ ಯಾವುದಿದ್ದರೂ ಆ ಬೀದಿಯ ನಡವಳಿಕೆ ಅದು. ಹಿಂದಿನ ದಿನದಿಂದ ಯಾರೂ ಅಡುಗೆ ಮಾಡಿರಲಿಲ್ಲ. ಮಕ್ಕಳು ಅಂಗಡಿಯ ಬನ್ನು ಹಿಡಿದುಕೊಂಡು ಜಗಲಿಯ ಮೇಲೆ ಕೂತಿದ್ದವು, ಮುದುಕರು ಬರೀ ಟೀ ಕುಡಿದುಕೊಂಡಿದ್ದರು. ಇಷ್ಟಾದರೂ ಯಾರೂ ಒಂದು ಮಾತು ಆಡಿರಲಿಲ್ಲ. ಭಾವ ಮಳವಳ್ಳಿಯಿಂದ ಐಸ್ ಪೆಟ್ಟಿಗೆ ತರಿಸಿದ್ದನಂತೆ. ಬೋಧಕ ಅದನ್ನು ಬಾಗಿಲಿಂದಲೇ ವಾಪಸು ಕಳಿಸಿದ್ದ, ಬದುಕಿರುವವನಿಗೆ ಹೆಣದ ಪೆಟ್ಟಿಗೆ ಯಾಕೆ ಎಂದು.

ಒಳಗೆ ಆತ ಬಿಳಿ ಶರ್ಟು ಹಾಕಿಕೊಂಡು ಕುರ್ಚಿಯ ಮೇಲೆ ಕೂತಿದ್ದ. ಮೂಲೆಯಲ್ಲಿ ಕೀಬೋರ್ಡಿನವನು. ಚಾಪೆಯ ಮೇಲೆ ಸತ್ತವನು. ಅವನ ತಲೆಯ ಹತ್ತಿರ ಹೆಂಡತಿ, ಕಣ್ಣು ಒಣಗಿಕೊಂಡು, ತುಟಿ ಕಚ್ಚಿಕೊಂಡು ಕೂತಿದ್ದಳು. ಅಳುತ್ತಿರಲಿಲ್ಲ.

ನನಗೆ ಪಿತ್ತ ನೆತ್ತಿಗೇರಿತು. ಆತನ ಜೊತೆ ವಾದಕ್ಕೇ ನಿಂತುಬಿಟ್ಟೆ. ನಾನೊಂದು ವಚನ ಎಂದರೆ ಆತ ನಾಲ್ಕು ಎಂದ. ಕರ್ತನು ಸತ್ತ ಹುಡುಗಿಯ ಕೈಹಿಡಿದು ಎಬ್ಬಿಸಲಿಲ್ಲವೇ ಎಂದ. ಎಬ್ಬಿಸಿದ್ದು ಕರ್ತ, ನೀನಲ್ಲ ಎಂದೆ. "ಸಹೋದರಿ, ಅಪನಂಬಿಕೆಯ ಆತ್ಮವನ್ನು ಹೊರಗೆ ಬಿಟ್ಟು ಒಳಗೆ ಬನ್ನಿ," ಎಂದು ಕೈಯೆತ್ತಿದ. ಕೀಬೋರ್ಡು ಶುರುವಾಯಿತು. ಸ್ತೋತ್ರ, ಸ್ತೋತ್ರ ಎಂಬ ಕೂಗಿನಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ಹೆಂಡತಿ ತಲೆಯೆತ್ತಿ ನನ್ನನ್ನು ನೋಡಿದಳು. ಗಂಡನನ್ನು ಕೊಲ್ಲಲು ಬಂದವಳನ್ನು ನೋಡುವ ನೋಟ ಅದು. ನಾನು ಸೋತು ಹೊರಗೆ ಬಂದೆ.

ಭಾವ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ.

"ಇಬ್ರೂ ಒಂದೇ ಪುಸ್ತ್ಕ ಇಡ್ಕಂಡ್ ಕಿತ್ತಾಡ್ತಿದ್ದೀರಲ್ಲಮ್ಮ," ಎಂದ. "ನನ್ ತಮ್ಮ ಅಲ್ ಬಿದ್ದವ್ನೆ. ಗುಂಡಿ ತೆಗ್ಯೋಕ್ ಐಕ್ಳು ಗುದ್ಲಿ ಇಡ್ಕಂಡ್ ಕುಂತವ್ರೆ. ಅವ್ಳಾಗ್ ಅವ್ಳು ಎತ್ತಿ ಅನ್ದೆ ನಾನು ಕೈ ಆಕಿದ್ರೆ, ಧರ್ಮದ್ ಮಾತಾಗ್ ಓಯ್ತದೆ. ನಾಳಿಕ್ ಜಗ್ಳ ತೆಗ್ಯಾಕ್ ಇನ್ನೊಬ್ರು ಬತ್ತಾರೆ."

ಅವನಿಗಿದ್ದ ವಿವೇಕದ ಅರ್ಧದಷ್ಟು ಒಳಗಿದ್ದವನಿಗೆ ಇದ್ದಿದ್ದರೆ ಸಾಕಿತ್ತು.

ಸಭಾಪಾಲಕರಿಗೆ ಫೋನು ಹಚ್ಚಿದೆ. ಎಲ್ಲೋ ಮೀಟಿಂಗಿನಲ್ಲಿದ್ದರು. "ದುಡುಕಬೇಡಿ. ನಾನಿಲ್ಲದೆ ಸಮಾಧಿ ಸಂಸ್ಕಾರ ನಡೆಸೋ ಅಧಿಕಾರ ನಿಮಗಿಲ್ಲ, ಗೊತ್ತಲ್ಲ. ನಾಳೆ ಬರ್ತೀನಿ," ಎಂದರು. ನಾಳೆ ಎಂದರೆ ಮೂರನೆಯ ದಿನ. ನಾಳೆ ಅವನು ಏಳುವುದಿಲ್ಲ. ಆಗ ಈ ಬೋಧಕ ತಾನು ತಪ್ಪಿದೆ ಎನ್ನುವುದಿಲ್ಲ, ನಿನ್ನ ನಂಬಿಕೆ ಸಾಲಲಿಲ್ಲ ಎಂದು ಆಕೆಯ ಕಡೆ ಬೆರಳು ತೋರಿಸುತ್ತಾನೆ. ಗಂಡನನ್ನು ಕಳೆದುಕೊಂಡವಳು ಗಂಡನನ್ನು ಕೊಂದವಳಾಗುತ್ತಾಳೆ. ಇದು ನನಗೆ ಹಗಲಿನಷ್ಟು ಸ್ಪಷ್ಟವಾಗಿ ಕಂಡಿತು. ಇವತ್ತೇ ಮಣ್ಣು ಮಾಡಬೇಕು, ಅಧಿಕಾರ ಇರಲಿ ಬಿಡಲಿ ನಾನೇ ಮಾಡಿಸಬೇಕು ಎಂದು ತೀರ್ಮಾನಿಸಿದೆ. ಬೋಧಕನ ಜೊತೆ ಇನ್ನು ಒಂದು ಮಾತೂ ಇಲ್ಲ ಎಂದೂ ತೀರ್ಮಾನಿಸಿದೆ.

ಹಿಂಬಾಗಿಲಿಂದ ಹೋಗಿ, ನೀರು ಕುಡಿಸುವ ನೆಪದಲ್ಲಿ ಆಕೆಯನ್ನು ಹಿತ್ತಲಿಗೆ ಕರೆದುಕೊಂಡು ಬಂದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿದೆ. ತರಗತಿಯಲ್ಲಿ ಕೇಳುವ ಹಾಗೆಯೇ ಕೇಳಿದೆ, ಬೇರೆ ರೀತಿ ನನಗೆ ಬರುವುದಿಲ್ಲ.

"ಕರ್ತನ್ನ ಶಿಲುಬೆಯಿಂದ ಇಳಿಸಿದ ಮೇಲೆ ಅವರ ಕಡೆಯೋರು ಏನು ಮಾಡಿದ್ರವ್ವ?"

"ಬಟ್ಟೆ ಸುತ್ತುದ್ರು," ಎಂದಳು.

"ಆಮೇಲೆ?"

"ಗವೀಲ್ ಮಡಗುದ್ರು. ಎಂಗುಸ್ರು ಸುಗಂದ ತಕ್ಕಂಡ್ ಓದ್ರು."

"ಯಾರಿಗೆ ಹಾಕೋಕೆ ತಗೊಂಡು ಹೋದ್ರು?"

"ಎಣಕ್ಕೆ," ಎಂದವಳು ಬಾಯಿಗೆ ಸೆರಗು ಒತ್ತಿಕೊಂಡಳು.

"ಆ ಹೆಂಗಸರಿಗೆ ನಂಬಿಕೆ ಇರಲಿಲ್ವಾ? ಹೂಣಿಟ್ಟೋರು ಕರ್ತನಿಗೆ ದ್ರೋಹ ಮಾಡಿದ್ರಾ? ಅವನು ಎದ್ದದ್ದು ಹೂಣಿಟ್ಟಿದ್ದ ಜಾಗದಿಂದಲೇ ಅಲ್ವಾ?"

ಆಕೆ ಸೆರಗಿನೊಳಗಿಂದಲೇ ಹೇಳಿದಳು. "ನಾನ್ ಅತ್ರೆ ಅವ್ನು ಏಳಕಿಲ್ವಂತೆ ಕಣಮ್ಮ. ಕಣ್ಣೀರ್ ಬಿದ್ರೆ ನಂಬ್ಕೆ ಒಡ್ದೋಯ್ತದಂತೆ. ನೆನ್ನೆಯಿಂದ ತಡ್ಕಂಡಿವ್ನಿ. ಎದೆ ಬಿರ್ದೋಯ್ತಾ ಅದೆ."

ಒಬ್ಬ ಹೆಂಗಸಿನ ಅಳುವನ್ನೂ ಕಿತ್ತುಕೊಳ್ಳುವ ಬೋಧನೆ ಅದು. ನಾನು ಆಕೆಗೆ ಹೇಳಿದೆ, ಕರ್ತನ ಸ್ನೇಹಿತ ಸತ್ತು ನಾಲ್ಕು ದಿನವಾಗಿತ್ತು. ಅವನ ಗವಿಗೆ ಹೋಗುವಾಗ ಕರ್ತ ಅತ್ತ. ಎಬ್ಬಿಸುತ್ತೇನೆಂದು ಗೊತ್ತಿದ್ದೂ ಅತ್ತ.

"ಅವನು ಅತ್ತಿದ್ದಕ್ಕೆ ಆ ಸತ್ತವನು ಏಳದೆ ಹೋದ್ನಾ?"

ಆಕೆ ತಲೆಯೆತ್ತಿದಳು. "ಎದ್ನಲ್ಲ," ಎಂದಳು. ಮತ್ತೆ, "ಎದ್ನಲ್ಲಮ್ಮ," ಎಂದಳು. ಆಮೇಲೆ ಆಕೆಯ ಗಂಟಲಿಂದ ಬಂದ ಸದ್ದು ಬೀದಿಯವರೆಗೂ ಕೇಳಿಸಿತು. ಅಕ್ಕಪಕ್ಕದ ಹೆಂಗಸರು ಅದಕ್ಕೇ ಕಾದಿದ್ದವರಂತೆ ಓಡಿ ಬಂದು ಸುತ್ತುವರಿದು ಕೂತು, ತಾವೂ ಅತ್ತರು. ಒಳಗೆ ಕೀಬೋರ್ಡು ನಿಂತಿತು.

ಎದ್ದು ಒಳಗೆ ಹೋದವಳು ಬೋಧಕನ ಮುಂದೆ ನಿಂತು, "ಜಾಗ ಬುಡಿ ಅಯ್ನೋರೆ, ಮೈ ತೊಳೀಬೇಕು," ಎಂದಳು. ಅಷ್ಟೇ. ಆತ ಬಾಗಿಲಲ್ಲಿ ತಿರುಗಿ ನಿಂತು, ನಿನ್ನ ಕಣ್ಣೀರೇ ಅವನ ಸಮಾಧಿಗೆ ಮುದ್ರೆ ಹಾಕಿತು ಎಂದು ಹೇಳಿ ಕಾರು ಹತ್ತಿದ. ನಾನು ಅಂದುಕೊಂಡದ್ದನ್ನೇ ಆತ ಹೇಳಿದ್ದ, ಅದೂ ಒಂದು ದಿನ ಮುಂಚೆಯೇ.

ಅಂಗಳದಲ್ಲಿ ಮೂರು ಕಲ್ಲಿಟ್ಟು ನೀರು ಕಾಯಿಸಿದರು. ಆಕೆಯೇ ನಿಂತು ಗಂಡನ ಮೈ ತೊಳೆದಳು. ಹೊಸ ಬಟ್ಟೆ ಸುತ್ತಿದೆವು. ಭಾವನ ಕಡೆಯವರು ಗುಂಡಿ ತೆಗೆದು ಇಳಿಸಿದರು. ನಾನು ಪ್ರಾರ್ಥನೆ ಹೇಳಿ, ವಿಶ್ವಾಸಪ್ರಮಾಣವನ್ನು ಗುಂಡಿಯ ಅಂಚಿನಲ್ಲಿ ನಿಂತು ಒಂದೊಂದೇ ಮಾತಾಗಿ ಹೇಳಿಸಿದೆ, ರಾಗವಿಲ್ಲದೆ. ಆಕೆ ಮೊದಲ ಹಿಡಿ ಮಣ್ಣು ಹಾಕಿದಳು, ಭಾವ ಎರಡನೆಯದು. ನಾವು ವಾಪಸು ಬರುವಷ್ಟರಲ್ಲಿ ಬೀದಿಯಲ್ಲಿ ಒಲೆಗಳು ಹೊತ್ತಿದ್ದವು.

ಮಣ್ಣಾಯಿತೆಂದು ಕೇಳಿ ಸಭಾಪಾಲಕರು ಬರಲೇ ಇಲ್ಲ. ಮೂರನೆಯ ದಿನ ಭಾವ ಸಮಾಧಿಗೆ ಹಾಲುತುಪ್ಪ ಬಿಡಬೇಕೆಂದ. ಸತ್ತವರಿಗೆ ಅವರ ಕಡೆ ಅದು ನಡೆದೇ ನಡೆಯಬೇಕು. "ನಿಮ್ ಹಾಡ್ ನೀವ್ ಹೇಳ್ಕಳಿ, ನಮ್ದು ನಾವ್ ಬುಟ್ಕತೀವಿ, ನೀವ್ ಬ್ಯಾಡ ಅಂದ್ರೆ ಬ್ಯಾಡ," ಎಂದ. ಅವನ ತಮ್ಮ, ಅವನ ದುಃಖ. ನಾವು ಹೂವಿಟ್ಟು ಕೀರ್ತನೆ ಹಾಡಿ ಪಕ್ಕಕ್ಕೆ ನಿಂತೆವು, ಅವರು ಹಾಲುತುಪ್ಪ ಬಿಟ್ಟರು. ಯಾರೋ ಅದರ ಫೋಟೋ ತೆಗೆದರು.

ಫೋಟೋ ಮಂಡ್ಯ ತಲುಪಿತು. ಸಭೆಯ ಕಮಿಟಿ ನನ್ನನ್ನು ಕರೆಸಿತು. ಸುತ್ತ ಕೂತ ಹಿರಿಯರು ಕೇಳಿದ್ದು ಎರಡೇ ಪ್ರಶ್ನೆ, ಅಪ್ಪಣೆಯಿಲ್ಲದೆ ಯಾಕೆ ಹೂಣಿಸಿದಿರಿ, ಹಾಲುತುಪ್ಪಕ್ಕೆ ಯಾಕೆ ಬಿಟ್ಟಿರಿ. ಶುದ್ಧ ಬೋಧನೆ ಕಾಯುವುದು ನಮ್ಮ ಕರ್ತವ್ಯವಲ್ಲವೇ ಎಂದು ಒಬ್ಬರು ಗಂಭೀರವಾಗಿ ಹೇಳಿದರು. ಕರ್ತನು ಸಾಯಲೇ ಇಲ್ಲ ಎಂದು ಊರೂರಿಗೆ ಸಾರುತ್ತಿರುವವನ ವಿಷಯ ಒಬ್ಬರ ಬಾಯಲ್ಲೂ ಬರಲಿಲ್ಲ. ಒಂದು ಲೋಟ ಹಾಲು ಇವರ ಕಣ್ಣಿಗೆ ಬಿದ್ದಿತ್ತು, ವಿಶ್ವಾಸಪ್ರಮಾಣವನ್ನೇ ಕಡಿದು ಹಾಕಿದ್ದು ಬಿದ್ದಿರಲಿಲ್ಲ. ಅದನ್ನು ಹಾಗೇ ಹೇಳಿದೆ, ಇನ್ನೂ ಕೆಲವು ಹೇಳಬಾರದ್ದನ್ನೂ ಹೇಳಿದೆ. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಪೂರಿಗಾಲಿ ಕಡೆ ಹೋಗಲು ಬೇರೆ ಯಾರೂ ಒಪ್ಪುತ್ತಿರಲಿಲ್ಲ.

ಅಷ್ಟರಲ್ಲಿ ಬೋಧಕನ ಹೊಸ ವಿಡಿಯೋ ಬಂತು. ಮಳವಳ್ಳಿ ಕಡೆ ಒಬ್ಬ ಸಹೋದರ ಏಳುವುದರಲ್ಲಿದ್ದ, ಹೆಂಡತಿಯ ಅಪನಂಬಿಕೆ ಅವನನ್ನು ಮಣ್ಣಿಗೆ ಹಾಕಿತು ಎಂಬ ಸಾಕ್ಷಿ. ಗದ್ದೆಯಲ್ಲಿ ಜೊತೆಗೆ ಕೂಲಿ ಮಾಡುವ ಹೆಂಗಸರು ಅದನ್ನು ಆಕೆಗೇ ತೋರಿಸಿದರು. ಆಕೆ ಕೆಲಸಕ್ಕೆ ಹೋಗುವುದು ನಿಲ್ಲಿಸಿದಳು. ಊಟ ಮಾಡುತ್ತಿಲ್ಲ ಎಂದು ಭಾವನ ಹೆಂಡತಿ ಹೇಳಿಕಳಿಸಿದಳು. ನಾನು ಹೋದಾಗ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ತಿರುಗದೆಯೇ ಕೇಳಿದಳು, "ಟೀಚರಮ್ಮ, ನಾನ್ ಅಳ್ದೇ ಇದ್ದಿದ್ರೆ?"

ಹಿತ್ತಲಲ್ಲಿ ಹೇಳಿದ್ದನ್ನೆಲ್ಲ ಮತ್ತೆ ಹೇಳಬಹುದಿತ್ತು. ಹೇಳಲಿಲ್ಲ. ನಾನು ಒಂದು ಮನೆಯಲ್ಲಿ ಮೆಲ್ಲಗೆ ಹೇಳುವುದನ್ನು ಆತ ಮೈಕಿನಲ್ಲಿ ಅಳಿಸುತ್ತಿದ್ದ. ಸಂಕೋಲೆಯ ಆ ಮುದುಕ ತನ್ನ ಪ್ರಶ್ನೆಯನ್ನು ಕಿವಿಯಲ್ಲಿ ಪಿಸುಗುಡಲಿಲ್ಲ, ಎಲ್ಲ ಸಭೆಗಳೂ ಕೇಳುವ ಹಾಗೆ ಬರೆಸಿದ. "ಭಾನುವಾರ ಮದ್ದೂರಿಗೆ ಹೋಗಿ ಎಲ್ಲರ ಮುಂದೆ ಅವನನ್ನು ಕೇಳ್ತೀನಿ," ಎಂದೆ. ಆಕೆ ಆಗ ನನ್ನ ಕಡೆ ತಿರುಗಿದಳು. "ನಾನೂ ಬತ್ತೀನಿ," ಎಂದಳು. ಬೇಡ ಎಂದೆ. "ನೀವ್ಯಾರಮ್ಮ ಬ್ಯಾಡ ಅನ್ನಾಕೆ? ಗಂಡ ನಂದು," ಎಂದು ಎದ್ದು ಕೂತಳು.

ಮದ್ದೂರಿನ ಒಂದು ಕಲ್ಯಾಣಮಂಟಪದಲ್ಲಿ ಆತನ ಕೂಟ. ಮಂಟಪದ ತುಂಬ ಜನ. ನಾವು ನಡುವಿನ ಸಾಲಿನಲ್ಲಿ ಕೂತೆವು. ಆತ ಹಾಡಿದ, ಹಾರಿದ, ಆಮೇಲೆ ದನಿ ತಗ್ಗಿಸಿ ಆ ಸಾಕ್ಷಿಗೆ ಬಂದ. ನಾನು ಕೇಳಬೇಕಾದ ಪ್ರಶ್ನೆಗಳನ್ನು ಜೋಡಿಸಿಕೊಂಡಿದ್ದೆ, ಅಪೊಸ್ತಲರಿಂದ ಹಿಡಿದು. ಏಳಲು ಸೀರೆ ಸರಿಮಾಡಿಕೊಳ್ಳುವಷ್ಟರಲ್ಲಿ ಪಕ್ಕದಲ್ಲಿ ಆಕೆ ಎದ್ದು ನಿಂತಿದ್ದಳು.

"ಆ ಯೆಂಡ್ರು ನಾನೇ ಕಣ್ರಪ್ಪ."

ಕೂತವರೆಲ್ಲ ತಿರುಗಿ ನೋಡಿದರು. ವೇದಿಕೆಯ ಮೇಲಿಂದ ಆತ ನಗುತ್ತ, "ಸಹೋದರಿ, ಕೂತ್ಕೊಳ್ಳಿ, ನಿಮಗೋಸ್ಕರ ವಿಶೇಷ ಪ್ರಾರ್ಥನೆ ಮಾಡೋಣ," ಎಂದ. ಸ್ವಯಂಸೇವಕನೊಬ್ಬ ಬಂದು ಆಕೆಯ ತೋಳಿಗೆ ಕೈ ಹಾಕಿದ. "ಕೈ ತೆಗಿ," ಎಂದೆ. ಅಂದು ನಾನು ಬಾಯಿಬಿಟ್ಟು ಆಡಿದ್ದು ಅಷ್ಟೇ.

"ಕುಂತ್ಕಳಕಿಲ್ಲ," ಎಂದಳು ಆಕೆ. ಮೈಕಿಲ್ಲದಿದ್ದರೂ ಗದ್ದೆಯ ಆಚೆ ದಡಕ್ಕೆ ಕೂಗಿ ಅಭ್ಯಾಸವಿದ್ದ ಗಂಟಲು. "ಒಂದ್ ಕೇಳ್ತೀನಿ, ಯೋಳ್ಬುಡಿ. ನನ್ ಗಂಡ ಸತ್ತಿಲ್ಲ, ಮಲ್ಗವ್ನೆ ಅಂದ್ರಿ. ನಾನ್ ನಂಬ್ದೆ. ಕಣ್ಣಲ್ಲೊಂದ್ ಹನಿ ಬರ್ದಂಗೆ ತಡ್ಕಂಡ್ ಕುಂತಿದ್ದೆ. ಮಾರ್ನೇ ದಿನ ಬಿಸ್ಲೇರ್ದಾಗ ಅವ್ನ್ ಪಕ್ದಲ್ ಕುಂತಿದ್ ನೀವು ಜೋಬಿಂದ ಕರ್ಚೀಪ್ ತಗುದ್ರಿ. ಸೆಂಟಾಕಿದ್ ಕರ್ಚೀಪು. ನಾನ್ ನೋಡ್ತಾನೇ ಇದ್ದೆ. ಮಲ್ಗಿರೋನ್ ಪಕ್ದಲ್ ಕುಂತು ಮೂಗ್ ಯಾಕ್ ಮುಚ್ಕಂಡ್ರಿ ಅಯ್ನೋರೆ?"

ಆತ ಕೀಬೋರ್ಡಿನವನ ಕಡೆ ನೋಡಿದ. ಅವನು ಹಾಡೆತ್ತಿದ. ಜನ ಜೊತೆಗೂಡಲಿಲ್ಲ. ಆಕೆ ಉತ್ತರಕ್ಕಾಗಿ ಇನ್ನೂ ನಿಂತೇ ಇದ್ದಳು.